ಎಣ್ಣೆ ಇಲ್ಲದೆ ಮೈಕ್ರೊವೇವ್ ಪಾಪ್‌ಕಾರ್ನ್: ಸೀಯದಂತೆ, ಕಾಳು ಉಳಿಯದಂತೆ ಅರಳಿಸುವ ಕ್ರಮ

ಬಿಡಿ ಕಾಳು ತಂದು ಮೈಕ್ರೊವೇವ್‌ನಲ್ಲಿ ಪಾಪ್‌ಕಾರ್ನ್ ಮಾಡಲು ಹೊರಟವರ ದೂರು ಹೆಚ್ಚುಕಡಿಮೆ ಒಂದೇ. ಮೇಲಿನದು ಅರಳಿರುತ್ತದೆ, ನಡುವಿನದು ಸೀದಿರುತ್ತದೆ, ತಳದಲ್ಲಿ ಒಂದು ಹಿಡಿ ಕಾಳು ಹಾಗೇ ಕೂತಿರುತ್ತದೆ. ಮುಂದಿನ ಸಲ ಒಂದು ನಿಮಿಷ ಹೆಚ್ಚು ಇಡುತ್ತಾರೆ, ಮನೆಯೆಲ್ಲ ಹೊಗೆ. ಅದರ ಮುಂದಿನ ಸಲ ಎಣ್ಣೆ ಸುರಿಯುತ್ತಾರೆ. ಅಲ್ಲಿಗೆ ಕಡಿಮೆ ಕ್ಯಾಲೊರಿಯ ಮಾತೂ ಮುಗಿಯಿತು.

ಈ ಕ್ರಮಕ್ಕೆ ಎಣ್ಣೆಯೂ ಬೇಡ, ಬೇರೆ ಯಂತ್ರವೂ ಬೇಡ. ಹಂತಗಳು ಮಾತ್ರ ಹಿಂದುಮುಂದಾಗಬಾರದು. ಹೆಚ್ಚಿನವರು ಎಡವುವುದು ಸ್ವಿಚ್ ಒತ್ತುವ ಮೊದಲೇ, ಕಾಳು ಮತ್ತು ಪಾತ್ರೆಯ ಆಯ್ಕೆಯಲ್ಲಿ. ಉಳಿದವರು ಎಡವುವುದು ಕೊನೆಯ ಅರ್ಧ ನಿಮಿಷದಲ್ಲಿ, ಕಿವಿಯನ್ನು ಬಿಟ್ಟು ಗಡಿಯಾರವನ್ನು ನಂಬಿ.

## ಕಾಳು ಅರಳುವುದು ಹೇಗೆ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಮುಂದೆ ಬರುವ ಪ್ರತಿ ಸೂಚನೆಯ ಕಾರಣ ಇಲ್ಲಿದೆ.

ಪಾಪ್‌ಕಾರ್ನ್ ಕಾಳಿನ ಸಿಪ್ಪೆ ಬಹಳ ಗಟ್ಟಿ. ಒಳಗೆ ಪಿಷ್ಟ, ಪಿಷ್ಟದ ಜೊತೆ ತೇವ. ಒಳ್ಳೆಯ ಕಾಳಿನಲ್ಲಿ ಈ ತೇವ ತೂಕದ ಶೇ 13.5ರಿಂದ 14ರಷ್ಟಿರುತ್ತದೆ. ಕಾಯುತ್ತಾ ಹೋದಂತೆ ತೇವ ಹಬೆಯಾಗಿ ಹೊರಬರಲು ನೋಡುತ್ತದೆ, ಸಿಪ್ಪೆ ಬಿಡುವುದಿಲ್ಲ. ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಒಂಬತ್ತು ಪಟ್ಟಿನ ಆಸುಪಾಸಿಗೆ ಏರಿ ಸಿಪ್ಪೆ ಸಿಡಿಯುತ್ತದೆ. ಕಾವಿಗೆ ಮೆತ್ತಗಾಗಿದ್ದ ಪಿಷ್ಟ ನೊರೆಯಂತೆ ಉಕ್ಕಿ, ಕ್ಷಣದಲ್ಲಿ ತಣಿದು ಗಟ್ಟಿಯಾಗುತ್ತದೆ.

ಹಾಗಾಗಿ ಎಣ್ಣೆಗೆ ಇಲ್ಲಿ ಅಂಥ ಕೆಲಸವಿಲ್ಲ. ಎಣ್ಣೆ ಕಾವನ್ನು ಕಾಳಿಗೆ ಸಮನಾಗಿ ಮುಟ್ಟಿಸುತ್ತದೆ, ಅಷ್ಟೆ. ಮೈಕ್ರೊವೇವ್‌ನಲ್ಲಿ ಕಾವು ಹುಟ್ಟುವುದೇ ಕಾಳಿನೊಳಗಿನ ತೇವದಿಂದ. ಆ ತೇವ ಒಣಗಿದ್ದರೆ ಕಾಳು ಅರಳುವುದಿಲ್ಲ. ಸಿಪ್ಪೆಯಲ್ಲಿ ಬಿರುಕಿದ್ದರೆ ಹಬೆ ಸೋರಿಹೋಗಿ ಒತ್ತಡ ಏರುವುದಿಲ್ಲ. ಕಾವು ನಿಧಾನವಾದರೂ ಅದೇ ಕಥೆ: ಕಾಳಿನ ಚೂಪು ತುದಿಯಿಂದ ತೇವ ಸ್ವಲ್ಪ ಸ್ವಲ್ಪವೇ ಜಾರಿ, ಅರಳಬೇಕಾದ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ.

## ಬೇಕಾಗುವ ಸಾಮಾನು

- ಪಾಪ್‌ಕಾರ್ನ್ ಕಾಳು, 50 ಗ್ರಾಂ (240 ಮಿಲಿಲೀಟರ್ ಕಪ್ಪಿನಲ್ಲಿ ಕಾಲು ಕಪ್)
- ಎರಡೂವರೆಯಿಂದ ಮೂರು ಲೀಟರ್ ಹಿಡಿಯುವ, ಮೈಕ್ರೊವೇವ್‌ಗೆ ತಕ್ಕ ದಪ್ಪ ಗಾಜಿನ ಬೋಗುಣಿ
- ಅದರ ಬಾಯಿಗೆ ಸರಿಹೊಂದುವ ಗಾಜಿನ ಅಥವಾ ಪಿಂಗಾಣಿ ತಟ್ಟೆ
- ದಪ್ಪನೆಯ, ಪೂರ್ತಿ ಒಣಗಿದ ಕೈಗವಸು ಅಥವಾ ಬಟ್ಟೆ, ಎರಡು
- ಬಿಸಿ ಬೋಗುಣಿ ಇಡಲು ಮರದ ಹಲಗೆ
- ನುಣ್ಣಗೆ ಪುಡಿಮಾಡಿದ ಉಪ್ಪು
- ಸಣ್ಣ ಹನಿ ಬರುವ ಸ್ಪ್ರೇ ಬಾಟಲಿ (ಇದ್ದರೆ ಒಳ್ಳೆಯದು)

ಸಿಲಿಕೋನ್‌ನ ಮಡಚುವ ಪಾಪ್‌ಕಾರ್ನ್ ಬೌಲ್ ಇದ್ದರೆ ಬೋಗುಣಿ, ತಟ್ಟೆ ಎರಡರ ಬದಲೂ ಅದನ್ನೇ ಬಳಸಬಹುದು. ಹಗುರವಾಗಿರುತ್ತದೆ, ಬಿದ್ದರೆ ಒಡೆಯುವುದಿಲ್ಲ. ಅದಿಲ್ಲವೆಂದು ಹೊಸದಾಗಿ ಕೊಳ್ಳುವ ಅಗತ್ಯವೇನೂ ಇಲ್ಲ, ಗಾಜಿನ ಬೋಗುಣಿ ಸಾಕು.

## ಹಂತ 1: ಕಾಳು ಸರಿಯಿದೆಯೇ ನೋಡುವುದು

ಕೋಳಿಗೆ ಹಾಕುವ ಮೆಕ್ಕೆಜೋಳ, ಬೇಯಿಸಿ ತಿನ್ನುವ ಸಿಹಿಜೋಳ ಇವು ಅರಳುವುದಿಲ್ಲ. ಪಾಪ್‌ಕಾರ್ನ್‌ದು ಬೇರೆಯೇ ತಳಿ. ಕಾಳು ಚಿಕ್ಕದು, ದುಂಡಗೆ, ಹೊಳಪಾಗಿರುತ್ತದೆ. ಪೊಟ್ಟಣದ ಮೇಲೆ ಪಾಪ್‌ಕಾರ್ನ್ ಎಂದೇ ಬರೆದಿರಬೇಕು. ಎಣ್ಣೆ, ಬೆಣ್ಣೆ ಸೇರಿಸಿದ ಸಿದ್ಧ ಪೊಟ್ಟಣ ತರಬೇಡಿ. ಅದರ ಕೊಬ್ಬನ್ನು ಆಮೇಲೆ ಬೇರೆ ಮಾಡಲಾಗದು, ಹಣವೂ ಹೆಚ್ಚು. ಬಿಡಿ ಕಾಳಾದರೆ ಒಂದು ಕಿಲೋದಲ್ಲಿ 20 ಸುತ್ತು ಆಗುತ್ತದೆ. ಅಗ್ಗ ಎನ್ನುವುದು ಬರುವುದು ಇಲ್ಲಿಂದಲೇ.

ಒಂದು ಹಿಡಿ ಕಾಳನ್ನು ಬೆಳಕಿನಲ್ಲಿ ಬಿಳಿ ತಟ್ಟೆಯ ಮೇಲೆ ಹರಡಿ ನೋಡಿ. ಒಳ್ಳೆಯ ಕಾಳಿನ ಮೈ ನಯವಾಗಿ ಹೊಳೆಯುತ್ತದೆ. ಕೆಟ್ಟ ಕಾಳಿನ ಮೈ ಮಂಕು. ಬೆನ್ನಿನ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತದೆ. ಆ ಗೆರೆಯೇ ಬಿರುಕು. ಹತ್ತರಲ್ಲಿ ಎರಡು ಮೂರು ಕಾಳು ಹೀಗಿದ್ದರೆ ಮೈಕ್ರೊವೇವ್ ಎಷ್ಟೇ ಒಳ್ಳೆಯದಿದ್ದರೂ ತಳದಲ್ಲಿ ರಾಶಿ ಉಳಿಯುತ್ತದೆ. ತುಂಡಾದ ಕಾಳು, ಹೊಟ್ಟು, ಪುಡಿ ಎಲ್ಲವನ್ನೂ ಆರಿಸಿ ತೆಗೆಯಿರಿ. ಮೊದಲು ಸೀಯುವುದು ಆ ಪುಡಿಯೇ, ಇಡೀ ಬೋಗುಣಿಗೆ ವಾಸನೆ ಹತ್ತಿಸುವುದೂ ಅದೇ.

ಅರಳಿಸುವ ಮೊದಲು ಕಾಳನ್ನು ತೊಳೆಯಬೇಡಿ. ತೇವ ಬೇಕು ಎಂದು ಕೇಳಿದವರು ಮಾಡುವ ಮೊದಲ ಕೆಲಸ ಇದು. ಮೇಲೆ ಹತ್ತಿದ ನೀರು ನಿಮಿಷಗಳಲ್ಲಿ ಸಿಪ್ಪೆ ದಾಟಿ ಒಳಗೆ ಹೋಗುವುದಿಲ್ಲ. ಅದು ಆರುವವರೆಗೆ ಕಾವು ಅದಕ್ಕೇ ಖರ್ಚಾಗುತ್ತದೆ, ಬೋಗುಣಿ ತುಂಬ ಹಬೆ ಕಟ್ಟುತ್ತದೆ, ಅರಳಿದ್ದೂ ಮೆತ್ತಗಾಗುತ್ತದೆ. ಒಣಗಿದ ಕಾಳಿಗೆ ತೇವ ಕೊಡುವ ಸರಿಯಾದ ಕ್ರಮ ಕೊನೆಯಲ್ಲಿದೆ. ಅದಕ್ಕೆ ಎರಡು ಮೂರು ದಿನ ಬೇಕು.

## ಹಂತ 2: ನಿಮ್ಮ ಓವನ್ನಿನ ವಾಟ್ ತಿಳಿಯುವುದು

ಬೇರೆಯವರ ನಾಲ್ಕು ನಿಮಿಷ ನಿಮ್ಮ ಓವನ್‌ನಲ್ಲಿ ಆರು ನಿಮಿಷವಾದೀತು, ಮೂರೇ ನಿಮಿಷವೂ ಆದೀತು. ಬಾಗಿಲ ಒಳ ಅಂಚಿನಲ್ಲೋ ಹಿಂಭಾಗದಲ್ಲೋ ಅಂಟಿಸಿರುವ ಚೀಟಿ ನೋಡಿ. ಅಲ್ಲಿ ಎರಡು ಅಂಕಿಗಳಿರಬಹುದು. ದೊಡ್ಡದು ಓವನ್ ಎಳೆದುಕೊಳ್ಳುವ ವಿದ್ಯುತ್, ಅಂದರೆ ಇನ್‌ಪುಟ್. ಚಿಕ್ಕದು ಅಡುಗೆಗೆ ಸಿಗುವ ಔಟ್‌ಪುಟ್. ನಮಗೆ ಬೇಕಾದದ್ದು ಚಿಕ್ಕ ಅಂಕಿ. ದೊಡ್ಡದನ್ನು ಓದಿಕೊಂಡು ಸಮಯ ಕಡಿಮೆ ಇಟ್ಟು, ಅರಳಲಿಲ್ಲ ಎಂದು ಕಾಳನ್ನು ಬೈಯುವವರು ಬಹಳ.

ಚೀಟಿ ಅಳಿಸಿಹೋಗಿದ್ದರೆ, ಅಡುಗೆಯ ಥರ್ಮಾಮೀಟರ್ ಇದ್ದರೆ, ಒಂದು ಲೆಕ್ಕವಿದೆ. ಒಂದು ಲೀಟರ್ ನೀರಿನ ಉಷ್ಣತೆ ನೋಡಿ, ಫುಲ್ ಪವರ್‌ನಲ್ಲಿ ಸರಿಯಾಗಿ 1 ನಿಮಿಷ ಇಟ್ಟು, ಕಲಕಿ ಮತ್ತೆ ನೋಡಿ. ಎಷ್ಟು ಡಿಗ್ರಿ ಸೆಲ್ಸಿಯಸ್ ಏರಿತೋ ಅದನ್ನು 70ರಿಂದ ಗುಣಿಸಿ. 12 ಡಿಗ್ರಿ ಏರಿದ್ದರೆ 840 ವಾಟ್.

ಗಾಜಿನ ಬೋಗುಣಿಯಲ್ಲಿ 50 ಗ್ರಾಂ ಕಾಳಿಗೆ ಅಂದಾಜು ಸಮಯ ಹೀಗೆ:

- 700ರಿಂದ 800 ವಾಟ್: ನಾಲ್ಕೂವರೆಯಿಂದ ಆರು ನಿಮಿಷ
- 900ರಿಂದ 1000 ವಾಟ್: ಮೂರೂವರೆಯಿಂದ ನಾಲ್ಕೂವರೆ ನಿಮಿಷ
- 1100 ವಾಟ್ ಮೇಲೆ: ಎರಡೂ ಮುಕ್ಕಾಲಿನಿಂದ ಮೂರೂವರೆ ನಿಮಿಷ

ಇವು ಅಂದಾಜು ಮಾತ್ರ. ಎಲ್ಲಿ ನಿಲ್ಲಿಸಬೇಕೆಂದು ಹೇಳುವುದು ಕಿವಿ.

## ಹಂತ 3: ಬೋಗುಣಿ ಮತ್ತು ಮುಚ್ಚಳ

ಬೋಗುಣಿಯ ತಳ ದುಂಡಗಿರಲಿ. ಚಪ್ಪಟೆ ತಳದಲ್ಲಿ ಕಾಳು ಚೆದುರಿ ಒಂಟೊಂಟಿಯಾಗಿ ಕೂರುತ್ತದೆ, ಕಾವು ಗಾಳಿಗೆ ಹೋಗುತ್ತದೆ. ದುಂಡು ತಳದಲ್ಲಿ ಕಾಳುಗಳು ಒಂದಕ್ಕೊಂದು ಆತುಕೊಂಡು ಒಂದರ ಬಿಸಿ ಇನ್ನೊಂದಕ್ಕೆ ಹಾಯುತ್ತದೆ. ಕೆಲವು ಅರಳಿ ಮೇಲೆದ್ದ ಮೇಲೆ ಉಳಿದವು ಜಾರಿ ಮತ್ತೆ ನಡುವಿಗೇ ಬರುತ್ತವೆ. ತಳದಲ್ಲಿ ಉಳಿಯುವ ಕಾಳು ಕಡಿಮೆಯಾಗಲು ಇದೊಂದು ಬದಲಾವಣೆ ಸಾಕಾಗಬಹುದು.

ಪ್ಲಾಸ್ಟಿಕ್ ಬೇಡವೇ ಬೇಡ. ಮೈಕ್ರೊವೇವ್‌ಗೆ ಆಗುತ್ತದೆ ಎಂದು ತಳದಲ್ಲಿ ಮುದ್ರೆ ಇದ್ದರೂ ಅದು ಅನ್ನ, ಸಾರು ಬಿಸಿ ಮಾಡುವ ಕಾವಿಗೆ, ಅಂದರೆ ನೀರು ಕುದಿಯುವ 100 ಡಿಗ್ರಿಯ ಆಸುಪಾಸಿಗೆ. ಇಲ್ಲಿ ಕಾಳು 180 ದಾಟುತ್ತದೆ; ಪ್ಲಾಸ್ಟಿಕ್ ತಳದಲ್ಲಿ ಕಾಳಿನ ಗಾತ್ರದ ಗುಳಿಗಳು ಬೀಳುತ್ತವೆ. ಮೆಲಮೈನ್ ತಟ್ಟೆ, ಸ್ಟೀಲ್ ಪಾತ್ರೆ, ಅಲ್ಯೂಮಿನಿಯಂ ಹಾಳೆ, ಚಿನ್ನ ಬೆಳ್ಳಿಯ ಗೆರೆಯಿರುವ ಪಿಂಗಾಣಿ ಯಾವುದೂ ಆಗದು.

ಬೋಗುಣಿಯ ಬಗ್ಗೆ ಅನುಮಾನವಿದ್ದರೆ ಹೀಗೆ ನೋಡಿ. ಖಾಲಿ ಬೋಗುಣಿಯ ಪಕ್ಕದಲ್ಲಿ ಒಂದು ಲೋಟ ನೀರಿಟ್ಟು 1 ನಿಮಿಷ ಓಡಿಸಿ. ನೀರು ಬಿಸಿಯಾಗಿ ಬೋಗುಣಿ ತಣ್ಣಗಿದ್ದರೆ ಆಯಿತು. ಬೋಗುಣಿಯೇ ಬಿಸಿಯಾಗಿದ್ದರೆ ಅದನ್ನು ಬಳಸಬೇಡಿ. ನೀರಿಲ್ಲದೆ ಈ ಪರೀಕ್ಷೆ ಮಾಡಬಾರದು. ಖಾಲಿ ಓಡಿಸಿದರೆ ಓವನ್ನಿಗೇ ಪೆಟ್ಟು. ಬಿರುಕು ಬಿಟ್ಟ, ಅಂಚು ಒಡೆದ ಗಾಜನ್ನೂ ಬಳಸಬೇಡಿ.

ಮುಚ್ಚಳವಾಗಿ ತಟ್ಟೆಯನ್ನು ಬೋರಲು ಹಾಕಿ. ಗಾಳಿಯಾಡದಂತೆ ಬಿಗಿ ಮುಚ್ಚಳ ಹಾಕಬಾರದು. ಹಬೆ ಹೊರಗೆ ಹೋಗದಿದ್ದರೆ ಪಾಪ್‌ಕಾರ್ನ್ ಜಿಗುಟಾಗುತ್ತದೆ, ಒತ್ತಡ ಹೆಚ್ಚಾದರೆ ಮುಚ್ಚಳವೇ ಹಾರಬಹುದು. ಬೋರಲು ತಟ್ಟೆಯ ಅಂಚಿನಲ್ಲಿ ತಾನಾಗಿ ಸಂದು ಇರುತ್ತದೆ, ಅಷ್ಟು ಸಾಕು. ಜಾಲಿಸಿದರೆ ಸರ್ರನೆ ಜಾರುವಷ್ಟು ಚಿಕ್ಕ ತಟ್ಟೆಯೂ ಬೇಡ. ಅಂಚಿನಿಂದ ಎರಡು ಬೆರಳು ಹೊರಗೆ ಬರುವಂತಿರಲಿ, ಇಳಿಸುವಾಗ ಹಿಡಿಯಲು ಬೇಕು.

## ಹಂತ 4: ಅಳತೆ

50 ಗ್ರಾಂ ಎಂದರೆ 50 ಗ್ರಾಂ. ಅದರಿಂದ ಆರರಿಂದ ಏಳು ಕಪ್ ಪಾಪ್‌ಕಾರ್ನ್ ಬರುತ್ತದೆ, ಅಂದರೆ ಒಂದೂವರೆ ಲೀಟರಿನ ಮೇಲೆ. ಕಾಳು ಕಡಿಮೆ ಕಾಣುತ್ತದೆ ಎಂದು ಎರಡು ಹಿಡಿ ಸುರಿದರೆ, ಅರಳಿದ್ದು ಮೇಲೆ ತುಂಬಿ ಮುಚ್ಚಳ ಎತ್ತುತ್ತದೆ. ಕೆಳಗಿನ ಕಾಳು ಅರಳಲು ಜಾಗವಿಲ್ಲದೆ, ಬಿಸಿ ಗಾಜಿಗೆ ಒತ್ತಿಕೊಂಡು ಸೀಯುತ್ತದೆ.

ಎರಡು ದೊಡ್ಡ ಚಮಚಕ್ಕಿಂತ ಕಡಿಮೆಯೂ ಹಾಕಬೇಡಿ. ಅಷ್ಟು ಕಡಿಮೆ ಒಣ ಕಾಳು ಮೈಕ್ರೊವೇವ್ ಶಕ್ತಿಯನ್ನು ಹೀರುವುದೇ ಅಲ್ಪ, ಓವನ್ ಖಾಲಿ ಓಡಿದಂತೆಯೇ ಸರಿ. ಕಾಳೂ ಅರಳುವುದಿಲ್ಲ.

ಬೋಗುಣಿ ಒಣಗಿರಲಿ. ಕಾಳನ್ನು ನಡುವಿಗೆ ಗುಡ್ಡೆ ಮಾಡಿ. ಉಪ್ಪು, ಮಸಾಲೆ, ಸಕ್ಕರೆ ಏನನ್ನೂ ಈಗ ಹಾಕಬೇಡಿ. ಎಣ್ಣೆ ಇಲ್ಲದ ಕಾಳಿಗೆ ಉಪ್ಪು ಹಿಡಿಯದೆ ತಳದಲ್ಲೇ ಉಳಿಯುತ್ತದೆ, ಮಸಾಲೆ ಪುಡಿ ಕರಕಲಾಗುತ್ತದೆ, ಸಕ್ಕರೆ ಕರಗಿ ಕಪ್ಪಾಗಿ ಬೋಗುಣಿಗೆ ಅಂಟುತ್ತದೆ. ಕರಗಿದ ಸಕ್ಕರೆ ಕೈಗೆ ತಾಗಿದರೆ ಆಗುವ ಸುಟ್ಟಗಾಯ ಆಳವಾದದ್ದು.

## ಹಂತ 5: ಅರಳಿಸುವುದು

ಮೋಡ್. ಗ್ರಿಲ್, ಕನ್ವೆಕ್ಷನ್ ಎರಡೂ ಇರುವ ಓವನ್ ಆದರೆ ಬರೀ ಮೈಕ್ರೊ ಮೋಡ್ ಆರಿಸಿ. ಕನ್ವೆಕ್ಷನ್‌ನಲ್ಲಿ ಇಟ್ಟು ಹತ್ತು ನಿಮಿಷ ಕಾದರೂ ಸದ್ದೇ ಇಲ್ಲ ಎನ್ನುವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಗ್ರಿಲ್‌ಗೆಂದು ಕೊಟ್ಟಿರುವ ಕಬ್ಬಿಣದ ಸ್ಟ್ಯಾಂಡ್ ಒಳಗಿದ್ದರೆ ಹೊರತೆಗೆಯಿರಿ.

ಪವರ್. ಪೂರ್ತಿ ಇರಲಿ. ಸೀಯುತ್ತದೆಂದು ಹೆದರಿ ಪವರ್ ಇಳಿಸಿದರೆ ಕಾಳು ನಿಧಾನಕ್ಕೆ ಕಾದು ತೇವ ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ಹೊತ್ತು ಇಟ್ಟರೂ ಅದು ಕಲ್ಲು.

ಪಾಪ್‌ಕಾರ್ನ್ ಬಟನ್. ಒತ್ತಬೇಡಿ. ಅದನ್ನು ಹೊಂದಿಸಿರುವುದು ಸಿದ್ಧ ಪೊಟ್ಟಣದ ತೂಕಕ್ಕೆ. ನಿಮ್ಮ ಗಾಜಿನ ಬೋಗುಣಿಯ ದಪ್ಪ, ಒಳಗಿರುವ 50 ಗ್ರಾಂ ಕಾಳು ಅದಕ್ಕೆ ಗೊತ್ತಿಲ್ಲ.

ಹಂತ 2ರ ಪಟ್ಟಿಯಲ್ಲಿ ನಿಮ್ಮ ವಾಟ್‌ಗೆ ಬರುವ ಹೆಚ್ಚಿನ ಸಮಯವನ್ನು ಇಟ್ಟು ಶುರುಮಾಡಿ, ಆದರೆ ಓವನ್ ಮುಂದೆಯೇ ನಿಲ್ಲಿ. ಟೈಮರ್ ಮುಗಿಯುವ ಮೊದಲೇ ನೀವು ನಿಲ್ಲಿಸುತ್ತೀರಿ. ಆ ಕೆಲವು ನಿಮಿಷ ಇನ್ನೊಂದು ಕೋಣೆಗೆ ಹೋಗುವುದು, ಫೋನ್ ಎತ್ತುವುದು, ಮಿಕ್ಸಿ ಹಾಕುವುದು ಯಾವುದೂ ಬೇಡ. ಸದ್ದು ಕೇಳಿಸಬೇಕು.

ಮೊದಲ ಒಂದೂವರೆ, ಎರಡು ನಿಮಿಷ ಏನೂ ಆಗುವುದಿಲ್ಲ. ತಟ್ಟೆಯ ಒಳಬದಿಗೆ ತೆಳ್ಳಗೆ ಮಂಜು ಕಟ್ಟುತ್ತದೆ, ಕಾಳಿನ ಬಣ್ಣ ಒಂದಿಷ್ಟು ಗಾಢವಾಗುತ್ತದೆ. ತಿರುಗುವ ತಟ್ಟೆ ಇಲ್ಲದ ಓವನ್ ಆಗಿದ್ದರೆ ಈ ಮೌನದ ಹೊತ್ತಿನಲ್ಲೇ ಒಮ್ಮೆ ನಿಲ್ಲಿಸಿ, ಮುಚ್ಚಳ ತೆಗೆಯದೆ ಬೋಗುಣಿಯನ್ನು ಅರ್ಧ ಸುತ್ತು ತಿರುಗಿಸಿ. ಮೈಕ್ರೊವೇವ್ ಒಳಗೆ ಕಾವು ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ತಿರುಗಿಸದಿದ್ದರೆ ಒಂದೇ ಬದಿ ಸೀಯುತ್ತದೆ. ಅರಳಲು ಶುರುವಾದ ಮೇಲೆ ಬಾಗಿಲು ತೆಗೆಯಬೇಡಿ, ಬಿಸಿ ಕಾಳು ಮುಖಕ್ಕೆ ಹಾರುತ್ತದೆ.

ಆಮೇಲೆ ಒಂದು ಚಟ್. ಸ್ವಲ್ಪ ಬಿಟ್ಟು ಇನ್ನೊಂದು. ಹತ್ತಿಪ್ಪತ್ತು ಸೆಕೆಂಡಿನಲ್ಲಿ ಚಟಪಟ ಒಂದೇ ಸಮನೆ, ಎಣಿಸಲಾಗದಷ್ಟು. ಇದು ಮುಕ್ಕಾಲು ನಿಮಿಷದಿಂದ ಒಂದೂವರೆ ನಿಮಿಷ ನಡೆಯಬಹುದು. ಕಿವಿ ಚುರುಕಾಗಬೇಕಾದದ್ದು ಇದರ ನಂತರ. ಸದ್ದು ಬಿಡಿಬಿಡಿಯಾಗುತ್ತದೆ. ಒಂದು ಚಟ್ ಕೇಳಿದ ಕೂಡಲೇ ಮನಸ್ಸಿನಲ್ಲೇ ಒಂದು, ಎರಡು ಎಂದು ಸೆಕೆಂಡ್ ಎಣಿಸಿ. ಎರಡು ಎನ್ನುವಷ್ಟರಲ್ಲಿ ಮುಂದಿನ ಚಟ್ ಬಂದರೆ ಮುಂದುವರಿಯಲಿ. ಬರಲಿಲ್ಲವೇ, ನಿಲ್ಲಿಸಿ.

ಒಳಗೆ ಇನ್ನೂ ಕಾಳು ಕಾಣುತ್ತಿರುತ್ತದೆ, ಆಸೆಯೂ ಆಗುತ್ತದೆ. ನಿಲ್ಲಿಸಿ ಅಂದರೆ ನಿಲ್ಲಿಸಿ. ಅರಳಿದ ಪಾಪ್‌ಕಾರ್ನ್‌ನಲ್ಲಿ ತೇವ ಉಳಿದಿಲ್ಲ, ಬಿಸಿಗಾಜು ಪಕ್ಕದಲ್ಲೇ ಇದೆ. ಚೆನ್ನಾಗಿ ಅರಳಿದ್ದು ಸೀಯಲು 15 ಸೆಕೆಂಡ್ ಸಾಕು. ಹತ್ತು ಕಾಳಿನ ಆಸೆಗೆ ಆರು ಕಪ್ ಕಹಿ ಮಾಡಿಕೊಳ್ಳಬಾರದು. ಓವನ್ ನಿಂತ ಮೇಲೂ ಗಾಜಿನ ಬಿಸಿಗೆ ಐದಾರು ಕಾಳು ತಾವಾಗಿ ಅರಳುತ್ತವೆ.

## ಹಂತ 6: ಹೊರತೆಗೆಯುವುದು

ಬಾಗಿಲು ತೆರೆಯುವ ಮೊದಲು ಅರ್ಧ ನಿಮಿಷ ಕಾಯಿರಿ. ಬೋಗುಣಿ ಈಗ ಕುದಿಯುವ ನೀರಿಗಿಂತ ಬಿಸಿ. ಒದ್ದೆ ಬಟ್ಟೆಯಲ್ಲಿ ಹಿಡಿದರೆ ಬಟ್ಟೆಯ ನೀರೇ ಹಬೆಯಾಗಿ ಕೈ ಸುಡುತ್ತದೆ, ಅದಕ್ಕೇ ಒಣ ಕೈಗವಸು. ಎರಡೂ ಕೈಯಲ್ಲಿ ಹಿಡಿದು ಮರದ ಹಲಗೆಯ ಮೇಲೆ ಇಳಿಸಿ. ಕಲ್ಲಿನ ಕಟ್ಟೆ, ಒದ್ದೆ ಜಾಗ, ಸಿಂಕ್ ಬೇಡ. ತಣ್ಣನೆಯ ತಾವು ತಗುಲಿದರೆ ಗಾಜು ಸೀಳುತ್ತದೆ.

ತಟ್ಟೆಯನ್ನು ನಿಮ್ಮ ಕಡೆಯ ಅಂಚು ಹಾಗೇ ಇರಿಸಿ, ಆಚೆ ಬದಿಯಿಂದ ಎತ್ತಿ. ಹಬೆ ಆಚೆಗೆ ಹೋಗುತ್ತದೆ. ತಟ್ಟೆಯ ಒಳಬದಿಯ ನೀರು ಪಾಪ್‌ಕಾರ್ನ್ ಮೇಲೆ ಸುರಿಯದಂತೆ ಓರೆಯಾಗಿಸದೆ ಪಕ್ಕಕ್ಕೆ ಸರಿಸಿ.

ಬಾಯಿ ತೆರೆದು ಒಂದು ನಿಮಿಷ ಹಾಗೇ ಬಿಡಿ. ಈ ಒಂದು ನಿಮಿಷದಲ್ಲೇ ಪಾಪ್‌ಕಾರ್ನ್ ಗರಿಗರಿಯಾಗುವುದು. ತಕ್ಷಣ ತಿಂದು ಜಿಗುಟಾಗಿದೆ ಎನ್ನುವವರು ಈ ನಿಮಿಷವನ್ನು ಬಿಟ್ಟಿರುತ್ತಾರೆ. ಆಮೇಲೆ ಅಗಲವಾದ ಬೇರೆ ಪಾತ್ರೆಗೆ ಕೈಯಿಂದ ಎತ್ತಿ ಹಾಕಿ, ಬಗ್ಗಿಸಿ ಸುರಿಯಬೇಡಿ. ಅರಳದ ಕಾಳು ತಳದಲ್ಲೇ ಉಳಿಯಲಿ. ಅರ್ಧ ಅರಳಿದ ಗಟ್ಟಿ ಕಾಳು ಹಲ್ಲು ಮುರಿಯುವಂಥದ್ದು.

## ಹಂತ 7: ಎಣ್ಣೆ ಇಲ್ಲದೆ ಉಪ್ಪು ಹಿಡಿಸುವುದು

ಎಣ್ಣೆ ಬೇಡವೆಂದವರು ಮತ್ತೆ ಬೆಣ್ಣೆಗೆ ಹೋಗುವುದು ಈ ಹಂತದಲ್ಲಿ, ಏಕೆಂದರೆ ಉಪ್ಪು ನಿಲ್ಲುವುದಿಲ್ಲ. ಅಡುಗೆಯ ಉಪ್ಪಿನ ಹರಳು ಒಣ ಪಾಪ್‌ಕಾರ್ನ್ ಮೇಲಿಂದ ಉರುಳಿ ತಳ ಸೇರುತ್ತದೆ. ಮೇಲೆ ಸಪ್ಪೆ, ಕೊನೆಯ ತುತ್ತು ಬರೀ ಉಪ್ಪು.

ಉಪ್ಪನ್ನು ಮಿಕ್ಸಿಯ ಚಿಕ್ಕ ಜಾರಿನಲ್ಲಿ ಮೈದಾದಷ್ಟು ನುಣ್ಣಗೆ ಪುಡಿಮಾಡಿ. ಹೆಚ್ಚಿಗೆ ಮಾಡಿ ಡಬ್ಬಿಯಲ್ಲಿಟ್ಟುಕೊಂಡರೆ ತಿಂಗಳುಗಟ್ಟಲೆ ಬರುತ್ತದೆ. 50 ಗ್ರಾಂ ಕಾಳಿನ ಪಾಪ್‌ಕಾರ್ನ್‌ಗೆ ಕಾಲು ಟೀ ಚಮಚ ಪುಡಿ ಉಪ್ಪು ಸಾಕು. ನುಣ್ಣಗಿದ್ದಷ್ಟೂ ನಾಲಿಗೆಗೆ ಬೇಗ ಹತ್ತುವುದರಿಂದ ಒಟ್ಟು ಉಪ್ಪೂ ಕಡಿಮೆಯಾಗುತ್ತದೆ.

ಪಾಪ್‌ಕಾರ್ನ್ ಬಿಸಿಯಿರುವಾಗಲೇ ಸ್ಪ್ರೇ ಬಾಟಲಿಯಿಂದ ಒಂದು ಮೊಳ ಎತ್ತರದಲ್ಲಿ ಹಿಡಿದು ನೀರನ್ನು ಎರಡು ಸಲ ಮಾತ್ರ ಒತ್ತಿ. ಮಂಜಿನಷ್ಟು ಸಣ್ಣಗೆ ಬೀಳಬೇಕು. ದಪ್ಪ ಹನಿ ಬಿದ್ದರೆ ಗೊತ್ತಾಗುತ್ತದೆ: ಬಿದ್ದ ಜಾಗದಲ್ಲಿ ಅರಳು ಚುರ್ ಎಂದು ಒಳಕ್ಕೆ ಕುಸಿದು, ಉಗುರಿನಷ್ಟು ಜಾಗ ಮುದ್ದೆಯಾಗುತ್ತದೆ. ಮಂಜು ಬಿದ್ದ ಕೂಡಲೇ ಅರ್ಧ ಉಪ್ಪು ಉದುರಿಸಿ, ಪಾತ್ರೆ ಕುಲುಕಿ, ಇನ್ನೊಂದು ಸಲ ಒತ್ತಿ ಉಳಿದರ್ಧ ಉದುರಿಸಿ. ಬಿಸಿಗೆ ನೀರು ಆರಿಹೋಗುತ್ತದೆ, ಉಪ್ಪು ಅಂಟಿ ನಿಲ್ಲುತ್ತದೆ.

ಮೆಣಸಿನ ಪುಡಿ, ಕಾಳುಮೆಣಸು, ಬೆಳ್ಳುಳ್ಳಿ ಪುಡಿ, ದಾಲ್ಚಿನ್ನಿ ಯಾವುದಾದರೂ ಇದೇ ಕ್ರಮ: ನುಣ್ಣಗಿರಬೇಕು, ಅರಳಿದ ಮೇಲೆ ಹಾಕಬೇಕು. ನಿಂಬೆರಸ ಹಿಂಡಬೇಡಿ, ಮುದ್ದೆಯಾಗುತ್ತದೆ.

ಎಣ್ಣೆ ಇಲ್ಲದ ಪಾಪ್‌ಕಾರ್ನ್ ಬಾಯಿಗೆ ಒಣ ಅನ್ನಿಸುವುದು ನಿಜ. ಕೆಲವರಿಗೆ ಅದು ಹಿಡಿಸುವುದೇ ಇಲ್ಲ. ಅಂಥವರು ಅರಳಿಸುವ ಮೊದಲು ಕಾಳಿಗೆ ಅರ್ಧ ಟೀ ಚಮಚ ಎಣ್ಣೆ ಸವರಿ. ಹೆಚ್ಚಾಗುವುದು 20 ಕ್ಯಾಲೊರಿ. ಸೋತು ಮತ್ತೆ ಸಿದ್ಧ ಪೊಟ್ಟಣಕ್ಕೆ ಮರಳುವುದಕ್ಕಿಂತ ಇದು ಎಷ್ಟೋ ಮೇಲು.

## ಕ್ಯಾಲೊರಿ ಲೆಕ್ಕ

ಎಣ್ಣೆ ಇಲ್ಲದೆ ಅರಳಿಸಿದ್ದು ಒಂದು ಕಪ್, ಅಂದರೆ ಸುಮಾರು 8 ಗ್ರಾಂ, ಹತ್ತಿರಹತ್ತಿರ 30 ಕ್ಯಾಲೊರಿ. ಇಡೀ ಬೋಗುಣಿ 180ರಿಂದ 190. ಮೂರು ಕಪ್ಪಿನಲ್ಲಿ ಮೂರೂವರೆ ಗ್ರಾಂನಷ್ಟು ನಾರು ಸಿಗುತ್ತದೆ.

ಒಂದು ಟೀ ಚಮಚ ಎಣ್ಣೆಗೆ 40, ಒಂದು ದೊಡ್ಡ ಚಮಚ ಎಣ್ಣೆಗೆ 120, ಒಂದು ದೊಡ್ಡ ಚಮಚ ಬೆಣ್ಣೆಗೆ 100, ಒಂದು ಟೀ ಚಮಚ ಸಕ್ಕರೆಗೆ 16 ಸೇರಿಸಿಕೊಳ್ಳಿ. ಕಣ್ಣಳತೆಯಲ್ಲಿ ಎಣ್ಣೆ ಸುರಿದರೆ ಎರಡು ದೊಡ್ಡ ಚಮಚ ಹೋಗುವುದು ಕಷ್ಟವೇನಲ್ಲ. ಆಗ ಪಾಪ್‌ಕಾರ್ನ್‌ಗಿಂತ ಎಣ್ಣೆಯ ಕ್ಯಾಲೊರಿಯೇ ಹೆಚ್ಚಾಯಿತು.

## ಕಾಗದದ ಚೀಲದಲ್ಲಿ ಮಾಡಬಹುದೇ?

ಈ ಉಪಾಯ ಬಹಳ ಕಡೆ ಸಿಗುತ್ತದೆ. ನಮ್ಮ ಸಲಹೆ: ಬೋಗುಣಿ ಇರುವಾಗ ಚೀಲ ಬೇಡ. ಸಾಮಾನು ತಂದ ಕಂದು ಚೀಲ, ದಿನಪತ್ರಿಕೆ, ಮುದ್ರಣವಿರುವ ಕವರ್ ಇವು ಕಾವಿಗೆಂದು ಮಾಡಿದವಲ್ಲ. ಮರುಬಳಕೆಯ ಕಾಗದದಲ್ಲಿ ಲೋಹದ ಕಣಗಳಿರಬಹುದು, ಕಿಡಿ ಹಾರಿ ಬೆಂಕಿ ಹತ್ತಬಹುದು. ಅಂಟು ಮತ್ತು ಶಾಯಿ ಬಿಸಿಗೆ ಹೊಗೆಯಾಡುತ್ತವೆ.

ಅಂಗಡಿಯ ಪೊಟ್ಟಣವೂ ಕಾಗದವೇ ಅಲ್ಲವೇ ಎಂದು ಕೇಳುತ್ತಾರೆ. ಅದರ ತಳದ ಪದರದಲ್ಲಿ ಮೈಕ್ರೊವೇವ್‌ಗೆ ಬಿಸಿಯಾಗುವಂತೆ ಬಹಳ ತೆಳುವಾದ ಲೋಹಲೇಪನ ಇರುತ್ತದೆ. ಕಾಳು ಅದರ ಮೇಲೆ ಕೂತು ಕೆಳಗಿನಿಂದಲೂ ಕಾಯುತ್ತದೆ. ಬರೀ ಚೀಲದಲ್ಲಿ ಆ ಪದರ ಇಲ್ಲದಿರುವುದರಿಂದಲೇ ಹೆಚ್ಚು ಕಾಳು ಉಳಿಯುವುದು.

ಮಾಡಲೇಬೇಕೆಂದರೆ ಆಹಾರ ಬಿಸಿಮಾಡಲೆಂದೇ ತಯಾರಿಸಿದ, ಮುದ್ರಣವಿಲ್ಲದ ಹೊಸ ಚೀಲ ಇರಲಿ. ಬಾಯಿಯನ್ನು ಎರಡು ಸಲ ಮಡಚಿ. ಪಿನ್, ಟೇಪ್ ಹಾಕಬೇಡಿ. ಎಣ್ಣೆ ಒಂದು ಹನಿಯೂ ಬೇಡ. ಗಾಜಿಗಿಂತ ಬೇಗ ಮುಗಿಯುತ್ತದೆ, ಕಣ್ಣು ತಪ್ಪಿಸಬೇಡಿ. ಒಂದೇ ಸಲ ಬಳಸಿ ಎಸೆಯಿರಿ.

## ಎರಡನೇ ಸುತ್ತು ಮಾಡುವಾಗ

ಮೊದಲನೆಯದು ಚೆನ್ನಾಗಿ ಬಂದು ಎರಡನೆಯದು ಸೀಯುವುದಕ್ಕೆ ಕಾರಣ ಬೋಗುಣಿ. ಅದು ಆಗಲೇ ಕಾದಿರುತ್ತದೆ. ಅರ್ಧ ನಿಮಿಷವೋ ಅದಕ್ಕಿಂತ ಹೆಚ್ಚೋ ಬೇಗ ಮುಗಿಯುತ್ತದೆ. ಮೊದಲ ಸುತ್ತಿನಲ್ಲಿ ಉಳಿದ ಕಾಳು, ಹೊಟ್ಟಿನ ಚೂರು ಎಲ್ಲ ತೆಗೆದು, ತಟ್ಟೆಯ ನೀರು ಒರೆಸಿ, ಐದು ನಿಮಿಷ ಬಿಟ್ಟು ಮಾಡಿ. ಬೇಗ ತಣಿಯಲೆಂದು ಬಿಸಿಗಾಜಿಗೆ ನೀರು ಹಾಕಬೇಡಿ.

## ಸರಿಬರದಿದ್ದರೆ: ಲಕ್ಷಣ ನೋಡಿ ಕಾರಣ ಹುಡುಕುವುದು

50 ಗ್ರಾಂನಲ್ಲಿ ಸುಮಾರು 300 ಕಾಳು ಇರುತ್ತದೆ. ಅದರಲ್ಲಿ 20ರಿಂದ 40 ಉಳಿಯುವುದು ಸಹಜ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. 75 ದಾಟಿದರೆ ಏನೋ ತಪ್ಪಿದೆ. ಉಳಿದ ಕಾಳಿನ ಬಣ್ಣ ನೋಡಿ.

ಕಾಳು ಮೊದಲಿನಂತೆ ಹಳದಿಯಾಗಿದ್ದರೆ ಕಾವು ಸಾಲಲಿಲ್ಲ: ಪವರ್ ಕಡಿಮೆ, ಚಪ್ಪಟೆ ತಳ, ಇಲ್ಲವೇ ಬೇಗ ನಿಲ್ಲಿಸಿದಿರಿ. ಕಂದು ಬಣ್ಣಕ್ಕೆ ತಿರುಗಿಯೂ ಅರಳಿಲ್ಲದಿದ್ದರೆ ಕಾವು ಬೇಕಾದಷ್ಟಿತ್ತು, ಕಾಳಿನಲ್ಲಿ ತೇವ ಇರಲಿಲ್ಲ ಅಥವಾ ಸಿಪ್ಪೆ ಸೋರುತ್ತಿತ್ತು. ಇನ್ನೂ ಹೊತ್ತು ಇಡುವುದು ಇದಕ್ಕೆ ಮದ್ದಲ್ಲ.

ಅರಳು ಚಿಕ್ಕದಾಗಿ, ಗಟ್ಟಿಯಾಗಿ, ಹಲ್ಲಿಗೆ ಜಿಗಿಯುವಂತಿದ್ದರೆ ತೇವ ಹೆಚ್ಚಾಗಿದೆ ಅಥವಾ ಮುಚ್ಚಳ ಬಿಗಿಯಾಗಿದೆ. ಒಂದೇ ಜಾಗದಲ್ಲಿ ಕಪ್ಪಾಗಿದ್ದರೆ ತಿರುಗುವ ತಟ್ಟೆ ಸಿಕ್ಕಿಹಾಕಿಕೊಂಡಿದೆಯೇ, ಬೋಗುಣಿ ಗೋಡೆಗೆ ತಾಗುತ್ತಿದೆಯೇ ನೋಡಿ.

ಉಳಿದ ಕಾಳನ್ನು ಮತ್ತೆ ಅರಳಿಸಲು ಇಡಬೇಡಿ. ಅದರ ತೇವ ಹೋಗಿಯಾಗಿದೆ. ಎರಡನೇ ಸಲ ಬರುವುದು ಹೊಗೆ ಮಾತ್ರ.

## ಒಣಗಿದ ಕಾಳಿಗೆ ತೇವ ಕೊಡುವುದು

ಹಳೆಯ ಪೊಟ್ಟಣ ಎಸೆಯುವ ಮೊದಲು ಇದನ್ನು ಮಾಡಿ ನೋಡಿ. ಒಂದು ಲೀಟರ್ ಗಾಜಿನ ಜಾಡಿಗೆ ಮುಕ್ಕಾಲು ಭಾಗ ಕಾಳು ತುಂಬಿ. ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್ ನೀರು ಹಾಕಿ, ಬಿಗಿಯಾಗಿ ಮುಚ್ಚಿ ಚೆನ್ನಾಗಿ ಕುಲುಕಿ. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೊಮ್ಮೆ ಕುಲುಕಿದರೆ ನೀರು ತಳದಲ್ಲಿ ನಿಲ್ಲದೆ ಎಲ್ಲ ಕಾಳಿಗೂ ಹತ್ತುತ್ತದೆ. ಆಮೇಲೆ ದಿನಕ್ಕೆರಡು ಸಲ ಕುಲುಕಿ, ಎರಡು ಮೂರು ದಿನ ಬಿಡಿ. ಮುಟ್ಟಿದರೆ ಕಾಳು ಒಣಗಿರಬೇಕು.

50 ಗ್ರಾಂ ಅರಳಿಸಿ ನೋಡಿ. ಸುಧಾರಿಸಿದ್ದರೂ ಸಾಲದೆನಿಸಿದರೆ ಇನ್ನೂ ಅರ್ಧ ಚಮಚ. ಅದಕ್ಕಿಂತ ಹೆಚ್ಚು ಹಾಕಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ವಾಸನೆ ಬಂದ ಕಾಳನ್ನು ಎಸೆಯುವುದೊಂದೇ ದಾರಿ. ಬಿರುಕು ಬಿಟ್ಟ ಕಾಳಿಗೆ ಈ ಉಪಾಯ ನಡೆಯುವುದಿಲ್ಲ.

ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಒಲೆಯಿಂದ ಮತ್ತು ಬಿಸಿಲಿನಿಂದ ದೂರ ಇಡಿ. ಫ್ರಿಜ್ ಬೇಡ, ಅದರ ಒಣ ಗಾಳಿ ತೇವ ಎಳೆದುಬಿಡುತ್ತದೆ.

## ತಕ್ಷಣ ನಿಲ್ಲಿಸಬೇಕಾದ ಲಕ್ಷಣಗಳು

ಸುಟ್ಟ ವಾಸನೆ ಬಂದರೆ ಸದ್ದು ಇನ್ನೂ ಇದ್ದರೂ ನಿಲ್ಲಿಸಿ. ಕಿಡಿ ಕಂಡರೆ ಒಳಗೆ ಎಲ್ಲೋ ಲೋಹವಿದೆ, ನಿಲ್ಲಿಸಿ. ಮೂರು ನಿಮಿಷ ಕಳೆದರೂ ಒಂದೂ ಚಟ್ ಕೇಳದಿದ್ದರೆ ಮೋಡ್, ಪವರ್ ನೋಡಿ. ಎರಡೂ ಸರಿಯಿದ್ದು ಓವನ್ 700 ವಾಟ್‌ನದಾದರೆ ಇನ್ನೊಂದು ನಿಮಿಷ ಕೊಡಿ, ಅದರಾಚೆ ಬೇಡ.

ಹೊಗೆ ಅಥವಾ ಬೆಂಕಿ ಕಂಡರೆ ಬಾಗಿಲು ತೆಗೆಯಬೇಡಿ. ಓವನ್ ಆಫ್ ಮಾಡಿ, ಪ್ಲಗ್ ಕಿತ್ತು, ಬೆಂಕಿ ತಾನಾಗಿ ಆರುವವರೆಗೆ ಬಿಡಿ. ಬಾಗಿಲು ತೆರೆದರೆ ಗಾಳಿ ನುಗ್ಗಿ ಉರಿ ಹೆಚ್ಚುತ್ತದೆ. ಹೊರಗೂ ಹರಡುವಂತಿದ್ದರೆ ಮನೆಯವರನ್ನು ಹೊರಗೆ ಕಳಿಸಿ ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್ ಕೊಡಬೇಡಿ, ಎಷ್ಟೇ ಚೆನ್ನಾಗಿ ಅರಳಿದ್ದರೂ. ಗಂಟಲಿಗೆ, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯ ನಿಜವಾದದ್ದು.

## ಉಳಿದದ್ದನ್ನು ಇಡುವುದು, ವಾಸನೆ ತೆಗೆಯುವುದು

ಪೂರ್ತಿ ತಣಿದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿದರೆ ಒಂದೆರಡು ದಿನ ಗರಿಗರಿಯಾಗಿರುತ್ತದೆ. ಬಿಸಿಯಿರುವಾಗ ಮುಚ್ಚಿದರೆ ಮರುದಿನಕ್ಕೆ ಮೆತ್ತಗೆ. ಮೆತ್ತಗಾದದ್ದನ್ನು ಮೈಕ್ರೊವೇವ್‌ನಲ್ಲಿ ಬಿಸಿಮಾಡಿದರೆ ರಬ್ಬರಿನಂತಾಗುತ್ತದೆ. ಒಣ ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ಮೂರು ನಿಮಿಷ ಆಡಿಸಿ.

ಓವನ್‌ಗೆ ಸೀದ ವಾಸನೆ ಹಿಡಿದಿದ್ದರೆ ಗಾಜಿನ ಬಟ್ಟಲಲ್ಲಿ ಒಂದು ಕಪ್ ನೀರು, ನಾಲ್ಕೈದು ಹೋಳು ನಿಂಬೆ ಅಥವಾ ಎರಡು ದೊಡ್ಡ ಚಮಚ ವಿನೆಗರ್ ಹಾಕಿ, ಒಂದು ಮರದ ಚಮಚ ಅದರಲ್ಲೇ ಬಿಟ್ಟು ಮೂರು ನಾಲ್ಕು ನಿಮಿಷ ಕುದಿಸಿ. ಮರದ ಚಮಚ ಇಲ್ಲದಿದ್ದರೆ ನೀರು ಗುಳ್ಳೆ ಏಳದೆಯೇ ಕುದಿ ಮೀರಿ ಕಾದು, ಮುಟ್ಟಿದ ಕೂಡಲೇ ಮೇಲೆ ಚಿಮ್ಮುವುದುಂಟು. ಐದು ನಿಮಿಷ ಬಾಗಿಲು ಮುಚ್ಚಿಯೇ ಬಿಟ್ಟು, ಒಳಗೋಡೆ, ಚಾವಣಿ, ತಿರುಗುವ ತಟ್ಟೆಯ ಕೆಳಗಿನ ಚಕ್ರ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲು ಅರ್ಧ ಗಂಟೆ ತೆರೆದಿಡಿ.